ವಿಚಾರ ವಿನಿಮಯ: ಹರಕೆಯೂ ಇರಲಿ, ಪರೀಕ್ಷೆಯೂ ಇರಲಿ

ಮಗುವಿಗೆ ಮೂರು ದಿನ ಜ್ವರ ಬಿಡದಿದ್ದರೆ ಮನೆಯ ಅಜ್ಜಿ ಊರಿನ ದೈವಕ್ಕೆ ಹರಕೆ ಹೊರುತ್ತಾಳೆ. ಕಾಲೇಜಿಗೆ ಹೋಗುವ ಮೊಮ್ಮಗ, "ಇದೆಲ್ಲ ಮೂಢನಂಬಿಕೆ" ಎಂದು ಗೊಣಗುತ್ತಾನೆ. ಅಜ್ಜಿಗೆ ಮುನಿಸು, ಮೊಮ್ಮಗನಿಗೆ ಬಿಗುಮಾನ. ಮುಂಬಯಿಯ ಚಿಕ್ಕ ಮನೆಗಳಲ್ಲಿ ಮುನಿಸಿಕೊಂಡು ಕೂರಲು ಬೇರೆ ಕೋಣೆಯಾದರೂ ಎಲ್ಲಿದೆ? ಆದುದರಿಂದ ಈ ವಾದವನ್ನು ನಮ್ಮ ನಾಡಿನ ವಿಚಾರವಂತರು ಹೇಗೆ ನಡೆಸಿದರೆಂಬುದನ್ನು ಈ ಸಲ ನೋಡೋಣ.

ಡಾ. ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಅಧ್ಯಾಪಕರು. ಖಾದಿ ತೊಟ್ಟು ಸರಳವಾಗಿ ಬಾಳಿದ ಗಾಂಧೀವಾದಿಗಳು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಅವರೊಂದು ಸಮಿತಿಯನ್ನು ರಚಿಸಿದರು. ಪವಾಡಗಳನ್ನೂ, 'ಪರೀಕ್ಷಿಸಬಹುದಾದ' ಇತರ ಮೂಢನಂಬಿಕೆಗಳನ್ನೂ ಶೋಧಿಸುವುದು ಅದರ ಕೆಲಸ. 'ಪರೀಕ್ಷಿಸಬಹುದಾದ' ಎಂಬ ಆ ಒಂದು ಮಾತನ್ನು ವಾಚಕರು ಗಮನಿಸಬೇಕು. ಬರಿಗೈಯಿಂದ ವಿಭೂತಿ ತರಿಸುತ್ತೇನೆ ಎಂದರೆ ಅದು ಕಣ್ಣೆದುರಿನ ಸಂಗತಿ. ಬರುತ್ತದೆಯೋ ಇಲ್ಲವೋ ನೋಡಿಬಿಡಬಹುದು. ದೇವರ ಮುಂದೆ ಕೈಮುಗಿದರೆ ಮನಸ್ಸಿಗೆ ನೆಮ್ಮದಿ ಎನ್ನುವವಳನ್ನು ಯಾವ ಸಮಿತಿಯೂ ಕರೆದು ವಿಚಾರಿಸಬೇಕಾಗಿಲ್ಲ.

ಹಾಗಾದರೆ ದೇವರು ಇದ್ದಾನೆಯೆ ಎಂಬ ಪ್ರಶ್ನೆ? ಅದನ್ನು ತಕ್ಕಡಿಯಲ್ಲಿಟ್ಟು ತೂಗಲು ಬರುವುದಿಲ್ಲ. ಮಾತಿನಲ್ಲೇ ಬಿಡಿಸಿ ನೋಡಬೇಕು. 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು 'ದೇವರು' ಎಂಬ ಪುಸ್ತಕವನ್ನು 1991ರಲ್ಲಿ ಹೊರತಂದು, ದೇವರ ಇರವನ್ನೇ ಪ್ರಶ್ನಿಸಿದರು. ಮುಪ್ಪಿನಲ್ಲಿ ಎಲ್ಲರೂ ದೇವರತ್ತ ತಿರುಗುತ್ತಾರೆಂಬ ಮಾತು ಅವರ ಮಟ್ಟಿಗೆ ಸುಳ್ಳಾಯಿತು. ಇತ್ತ ಡಿ. ವಿ. ಜಿ.ಯವರ 'ಮಂಕುತಿಮ್ಮನ ಕಗ್ಗ' 1943ರಿಂದಲೂ ಕನ್ನಡಿಗರ ಮನೆಗಳಲ್ಲಿದೆ. ಅದು ಆಸ್ತಿಕರ ಪುಸ್ತಕವೇ ಆದರೂ ಅದರಲ್ಲಿ ಸಂದೇಹಕ್ಕೂ ಜಾಗವುಂಟು. ಒಂದೇ ಕಪಾಟಿನಲ್ಲಿ ಈ ಎರಡೂ ಇದ್ದರೆ ಮನೆಗೆ ಕೇಡೇನೂ ಇಲ್ಲ, ಲಾಭವೇ ಹೆಚ್ಚು.

ನಂಬುಗೆಯೂ ಪರೀಕ್ಷೆಯೂ ಒಬ್ಬನಲ್ಲೇ ಕೂಡಿ ಬಾಳಬಹುದೆಂಬುದಕ್ಕೆ ನಮ್ಮ ಬೈಕುಲ್ಲಾದಲ್ಲೇ ನಿದರ್ಶನವಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ಯೆಹೂದಿ ವಿಜ್ಞಾನಿ ಇಲ್ಲಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕುಳಿತು ಲಸಿಕೆ ಸಿದ್ಧಪಡಿಸಿದರು. 1897ರ ಜನವರಿ 10ರಂದು ಮೊದಲು ತಮಗೇ ಅದನ್ನು ಚುಚ್ಚಿಸಿಕೊಂಡರು. ಅದೇ ತಿಂಗಳ ಕೊನೆಗೆ ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದರು. ಇದೇ ಹಾಫ್‌ಕಿನ್ 1916ರಲ್ಲಿ ತಮ್ಮ ಧರ್ಮದ ಸಾಂಪ್ರದಾಯಿಕ ಆಚರಣೆಗಳನ್ನು ಸಮರ್ಥಿಸಿ ಲೇಖನ ಬರೆದರು! ಆದರೆ ಲಸಿಕೆಯ ಗುಣವನ್ನು ತಿಳಿಯಲು ಅವರು ನಂಬುಗೆಯನ್ನು ನೆಚ್ಚಲಿಲ್ಲ, ಲೆಕ್ಕವನ್ನು ನೆಚ್ಚಿದರು. ಪರೇಲಿನ ಹಾಫ್‌ಕಿನ್ ಸಂಸ್ಥೆಗೆ 1925ರಿಂದ ಅವರದೇ ಹೆಸರು.

ಇದರಿಂದ ನಮಗೆ ದೊರೆಯುವ ಸೂತ್ರ ತೀರ ಸರಳ. ಹರಕೆಯ ಕಾಸನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿಡುವುದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಹರಕೆ ಹೊತ್ತಾಯಿತೆಂದು ಡಾಕ್ಟರರ ಬಳಿಗೆ ಹೋಗುವುದು ಒಂದು ದಿನ ತಡವಾದರೆ, ಆ ಸಾಲವನ್ನು ತೀರಿಸುವುದು ಮಗುವಿನ ಮೈ. ಅಲ್ಲಿ ಮನೆಯ ಹಿರಿಯರು ಬಿಗಿ ಬಿಡಬೇಕು. ಕಿರಿಯರೂ ಅಷ್ಟೆ: ಔಷಧಿ ತಪ್ಪದೆ ಸಲ್ಲುತ್ತಿರುವಾಗ ಕಾಸಿನ ಗಂಟನ್ನು ಕಂಡು ನಗುವುದು ವಿಚಾರವಾದವಲ್ಲ, ಬರಿಯ ಒರಟುತನ.

'ಏಕೆ?' ಎಂದು ಮಕ್ಕಳು ಕೇಳಿದಾಗ ಗದರಿಸಿ ಬಾಯಿ ಮುಚ್ಚಿಸಬೇಡಿ. ಉತ್ತರ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಜೊತೆಗೆ ಕೂತು ಹುಡುಕಿ. ಪ್ರಶ್ನೆಯನ್ನು ತಾಳಿಕೊಳ್ಳಬಲ್ಲ ನಂಬುಗೆ ಮನೆಯಲ್ಲಿ ಬಹುಕಾಲ ಬಾಳುತ್ತದೆ.