ಮನೆಮಂದಿಯ ಆರೋಗ್ಯ: ಸಂಜೆಗೆ ಸೋಲುವ ರೆಪ್ಪೆ

ಹಡಪಸರದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ದುಡಿದು ಬಂದವರ ಕಣ್ಣು ಸಂಜೆಗೆ ಬಾಡುವುದು ಹೊಸತಲ್ಲ. ‘ದಣಿದಿದ್ದೀಯ, ಮಲಗು’ ಎಂದು ಸುಮ್ಮನಾಗುತ್ತೇವೆ; ಅಜ್ಜಿಯಿದ್ದರೆ ದೃಷ್ಟಿ ತೆಗೆಯುತ್ತಾಳೆ. ಆದರೆ ಬೆಳಿಗ್ಗೆ ಸರಿಯಾಗಿದ್ದ ರೆಪ್ಪೆ ಸಂಜೆಯಾಗುತ್ತಲೇ ಜೋತುಬಿದ್ದರೆ, ಒಂದು ದೀಪ ಎರಡಾಗಿ ಕಂಡರೆ, ರೊಟ್ಟಿ ಅಗಿಯುತ್ತ ದವಡೆ ಸೋತರೆ, ಅದನ್ನು ಬರಿಯ ದಣಿವೆನ್ನಲಾಗದು. ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯವಿರಬಹುದು. ಅದರ ಬೇರು ಕೆಲವೊಮ್ಮೆ ಎದೆಯೊಳಗಿರುತ್ತದೆ.

ಎದೆಮೂಳೆಯ ಹಿಂದೆ, ಹೃದಯದ ಮುಂದೆ ಥೈಮಸ್ ಎಂಬ ಗ್ರಂಥಿಯಿದೆ. ಮಕ್ಕಳಲ್ಲಿ ದೊಡ್ಡದಾಗಿದ್ದು, ಪ್ರಾಯ ಬಂದ ಮೇಲೆ ಕುಗ್ಗುತ್ತದೆ. ಇದು ನಮ್ಮ ರೋಗನಿರೋಧಕ ಶಕ್ತಿಯ ಪಾಠಶಾಲೆಯೆಂದು 1961ರಲ್ಲಿ ಜಾಕ್ ಮಿಲ್ಲರ್ ತೋರಿಸಿಕೊಟ್ಟರು. ಇಲ್ಲಿ ಅಪರೂಪವಾಗಿ ಏಳುವ ಗಡ್ಡೆಯೇ ಥೈಮೋಮಾ. ಈ ಗಡ್ಡೆಯುಳ್ಳ ಮೂವರಲ್ಲಿ ಸುಮಾರು ಒಬ್ಬರಿಗೆ ಮೇಲೆ ಹೇಳಿದ ದೌರ್ಬಲ್ಯವಿರುತ್ತದೆ. ದೌರ್ಬಲ್ಯವುಳ್ಳ ನೂರು ಮಂದಿಯಲ್ಲಿ 10–15 ಮಂದಿಗೆ ಗಡ್ಡೆ. ಆದ್ದರಿಂದಲೇ ರೆಪ್ಪೆ ತೋರಿಸಲು ಹೋದವರಿಗೆ ಡಾಕ್ಟರರು ಎದೆಯ ಸಿ.ಟಿ. ಸ್ಕ್ಯಾನ್ ಬರೆದುಕೊಡುತ್ತಾರೆ. ಬೆರಗಾಗಬೇಡಿ.

1936ರಲ್ಲಿ ಅಮೆರಿಕದ ಆಲ್ಫ್ರೆಡ್ ಬ್ಲೇಲಾಕ್ ಒಬ್ಬ ತರುಣಿಯ ಎದೆಯಿಂದ ಇಂಥ ಗಡ್ಡೆಯನ್ನು ತೆಗೆದರು. ಆಕೆಯ ದೌರ್ಬಲ್ಯ ಇಳಿಯಿತು. ಅಂದಿನಿಂದ ಶಸ್ತ್ರಕ್ರಿಯೆಯೇ ಮುಖ್ಯ ಚಿಕಿತ್ಸೆ. ಎದೆಮೂಳೆ ಸೀಳಿ, ಗಡ್ಡೆ ಚಿಕ್ಕದಾದರೆ ಪಕ್ಕೆಯ ಸಣ್ಣ ರಂಧ್ರಗಳ ಮೂಲಕ, ಗ್ರಂಥಿಯನ್ನು ಸುತ್ತಲಿನ ಕೊಬ್ಬಿನೊಡನೆ ತೆಗೆಯುತ್ತಾರೆ. ಗಡ್ಡೆಯ ಕವಚ ಒಡೆಯಬಾರದು, ಚೂರೂ ಉಳಿಯಬಾರದು. ರೋಗಿಯ ಮುಂದಿನ ಆಯುಷ್ಯ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಕವಚದೊಳಗಿದ್ದಾಗಲೇ ಪೂರ್ತಿ ತೆಗೆದರೆ, ಅದೇ ಗಡ್ಡೆಯಿಂದ ಮುಂದೆ ಸಾಯುವವರು ಅತಿ ವಿರಳ. ಶ್ವಾಸಕೋಶಕ್ಕೋ ದೊಡ್ಡ ರಕ್ತನಾಳಗಳಿಗೋ ಹಬ್ಬಿದ್ದರೆ ಔಷಧ, ವಿಕಿರಣಗಳ ನೆರವೂ ಬೇಕಾದೀತು. ‘ಎದೆ ಸೀಳುತ್ತಾರಂತೆ’ ಎಂದು ಹೆದರಿ ತಡಮಾಡುವುದು ಗಡ್ಡೆ ಹಬ್ಬಲು ದಾರಿಬಿಟ್ಟಂತೆ.

ಸ್ನಾಯುದೌರ್ಬಲ್ಯವಿದ್ದವರಿಗೆ ಅದನ್ನು ಔಷಧದಿಂದ ಹತೋಟಿಗೆ ತಂದ ಮೇಲೆಯೇ ಶಸ್ತ್ರಕ್ರಿಯೆ. ಇಲ್ಲದಿದ್ದರೆ ಉಸಿರಾಟದ ಸ್ನಾಯುಗಳೇ ಸೋತಾವು. ಗಡ್ಡೆ ಹೋದ ಮರುದಿನವೇ ರೆಪ್ಪೆ ಏಳದು. ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು. ಹೇಳದೆ ಮಾತ್ರೆ ಬಿಡಬಾರದು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಕೊನೆಯದೊಂದು ಮಾತು. ಈ ಗಡ್ಡೆ ಹತ್ತು ವರ್ಷ ಕಳೆದ ಮೇಲೂ ಮರಳಬಲ್ಲದು. ಕೆಲಸ ಬದಲಾಗುತ್ತದೆ, ಬಾಡಿಗೆ ಮನೆ ಬದಲಾಗುತ್ತದೆ, ಕೆಲವರು ಸೊಲ್ಲಾಪುರದ ಹಾದಿ ಹಿಡಿದು ಊರಿಗೇ ಮರಳುತ್ತಾರೆ. ದವಾಖಾನೆಯ ಕಾಗದಗಳು ಮಾತ್ರ ಎಲ್ಲೋ ಅಟ್ಟದಲ್ಲಿ ಉಳಿಯುತ್ತವೆ. ಹಾಗಾಗದಿರಲಿ. ಶಸ್ತ್ರಕ್ರಿಯೆಯ ವರದಿ, ಸ್ಕ್ಯಾನಿನ ಚಿತ್ರಗಳನ್ನು ರೇಶನ್ ಕಾರ್ಡಿನೊಡನೆ ಇಟ್ಟುಕೊಳ್ಳೋಣ. ಹೊಸ ಊರಿನ ಡಾಕ್ಟರರಿಗೆ ಮೊದಲು ಅವನ್ನೇ ತೋರಿಸೋಣ. ಕೆಲವು ಸಾಮಾನ್ಯ ಆಂಟಿಬಯಾಟಿಕ್ ಔಷಧಗಳೂ ಈ ದೌರ್ಬಲ್ಯವನ್ನು ಕೆರಳಿಸುತ್ತವೆ. ಇಂದು ಸಂಜೆ ಮನೆಯವರು ಊಟಕ್ಕೆ ಕುಳಿತಾಗ ಅವರ ಕಣ್ಣುಗಳನ್ನೊಮ್ಮೆ ನೋಡಿರಿ.