ಹೆಪಟೈಟಿಸ್ ಬಿ: ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಂಡರೆ ಸಾಕೇ?

ರಕ್ತದಾನಕ್ಕೆ ಹೋದಾಗಲೋ, ಗರ್ಭಿಣಿಯ ಮೊದಲ ತಪಾಸಣೆಯಲ್ಲೋ, ಗಲ್ಫ್‌ಗೆ ಹೊರಟವರ ಮೆಡಿಕಲ್‌ನಲ್ಲೋ ‘ಹೆಪಟೈಟಿಸ್ ಬಿ ಪಾಸಿಟಿವ್’ ಎಂದು ತಿಳಿಯುತ್ತದೆ. ಅಂದಿನಿಂದಲೇ ಮನೆಗೆ ಸಲಹೆಗಳು ಬರತೊಡಗುತ್ತವೆ: ಅಮೃತಬಳ್ಳಿ ಕಷಾಯ, ನೆಲನೆಲ್ಲಿ, ಕರಿಜೀರಿಗೆ ಎಣ್ಣೆ, ದುಬಾರಿ ಡಬ್ಬಿಯ ಪುಡಿ. ‘ರೋಗನಿರೋಧಕ ಶಕ್ತಿ ಹೆಚ್ಚಿದರೆ ವೈರಸ್ ತಾನಾಗಿಯೇ ಓಡಿಹೋಗುತ್ತದೆ’ ಎಂಬ ಭರವಸೆ ಬೇರೆ.

ಈ ಭರವಸೆ ತಪ್ಪು. ಹೆಪಟೈಟಿಸ್ ಬಿ ವೈರಸ್ ಲಿವರ್‌ನ ಜೀವಕೋಶಗಳನ್ನು ನೇರವಾಗಿ ಕೊಲ್ಲುವುದು ಕಡಿಮೆ. ಸೋಂಕು ತಗುಲಿದ ಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾಳಿ ಮಾಡುತ್ತದೆ. ಹೆಚ್ಚಿನ ಹಾನಿ ಆಗುವುದು ಅದರಿಂದಲೇ. ಇತ್ತ ವೈರಸ್ಸಿನ ಬೀಜರೂಪ ಕೋಶಕೇಂದ್ರದೊಳಗೆ ಅಡಗಿ ಕುಳಿತಿರುತ್ತದೆ. ಕಷಾಯ ಅಲ್ಲಿಗೆ ತಲುಪುವುದಿಲ್ಲ. ‘ಸಸ್ಯಮೂಲ, ಹಾಗಾಗಿ ನಿರಪಾಯ’ ಎಂಬ ಮಾತನ್ನೂ ನಾನು ನಂಬುವುದಿಲ್ಲ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಬಳಿಕ ಲಿವರ್‌ಗೆ ಹಾನಿಯಾದ ಆರು ಮಂದಿಯ ವರದಿ ಪ್ರಕಟಿಸಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ನಿಜ. ಆದರೆ ಮೊದಲೇ ಸೋತ ಲಿವರ್ ಇರುವವರು ಆ ವಾದ ತೀರ್ಮಾನವಾಗುವವರೆಗೆ ತಮ್ಮ ಮೇಲೆ ಪ್ರಯೋಗ ಮಾಡಿಕೊಳ್ಳುವುದೇಕೆ?

ಹಾಗೆಂದು ರೋಗನಿರೋಧಕ ಶಕ್ತಿಗೆ ಬೆಲೆಯಿಲ್ಲವೆಂದಲ್ಲ. ಆರೋಗ್ಯವಂತ ವಯಸ್ಕರಿಗೆ ಈ ಸೋಂಕು ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿಯ ದೇಹ ಅದನ್ನು ತಾನೇ ಹತ್ತಿಕ್ಕುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಪಡೆದ ಶಿಶುಗಳಲ್ಲಿ ಲೆಕ್ಕ ತಲೆಕೆಳಗು: ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ಆದ್ದರಿಂದ ನಿಜವಾಗಿ ಶಕ್ತಿ ತುಂಬಬೇಕಾದದ್ದು ಶಿಶುವಿಗೆ, ಅದೂ ಹುಟ್ಟಿದ 24 ಗಂಟೆಯೊಳಗೆ, ಲಸಿಕೆಯಿಂದ. ಮನೆಯಲ್ಲಿ ಹೆರಿಗೆಯಾದರೆ ಈ ಚುಚ್ಚುಮದ್ದು ತಪ್ಪಿಹೋಗುವ ಸಂಭವವೇ ಹೆಚ್ಚು.

ಈಗಾಗಲೇ ಸೋಂಕಿರುವವರು ಏನು ಮಾಡಬೇಕು? ಎಲ್ಲರಿಗೂ ಮಾತ್ರೆ ಬೇಕಿಲ್ಲ. ಲಿವರ್ ಪರೀಕ್ಷೆ, ರಕ್ತದಲ್ಲಿನ ವೈರಸ್ ಪ್ರಮಾಣ, ಸ್ಕ್ಯಾನಿಂಗ್ ಇವನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಬೇಕಾದವರಿಗೆ ದಿನಕ್ಕೊಂದು ಟೆನೊಫೊವಿರ್ ಮಾತ್ರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ‘ಈಗ ಚೆನ್ನಾಗಿದ್ದೇನೆ’ ಎಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ರೋಗ ಒಮ್ಮೆಲೇ ಉಲ್ಬಣಿಸಿ ಪ್ರಾಣಕ್ಕೇ ಎರವಾಗಬಹುದು.

ನನಗೆ ಹೆಚ್ಚು ಬೇಸರ ತರಿಸುವುದು ಇನ್ನೊಂದು ಸಂಗತಿ. ಪಾಸಿಟಿವ್ ಬಂದ ಸೊಸೆಗೆ ಬೇರೆ ತಟ್ಟೆ, ಬೇರೆ ಲೋಟ ಇಡುತ್ತಾರೆ. ಒಂದೇ ತಟ್ಟೆಯಲ್ಲಿ ಉಂಡರೆ ಇದು ಹರಡುವುದಿಲ್ಲ. ಹರಡುವುದು ರಕ್ತದಿಂದ, ದೈಹಿಕ ಸಂಪರ್ಕದಿಂದ, ಹೆರಿಗೆಯಲ್ಲಿ. ಮನೆಯವರು ತಟ್ಟೆ ಬೇರ್ಪಡಿಸುವ ಬದಲು ತಾವೂ ರಕ್ತಪರೀಕ್ಷೆ ಮಾಡಿಸಿಕೊಂಡು, ನೆಗೆಟಿವ್ ಬಂದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಲಿ. ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನವಾದರೂ ಬದುಕಿರಬಲ್ಲದು. ಕ್ಷೌರದಂಗಡಿಯಲ್ಲಾಗಲಿ, ಹಿಜಾಮಾ ಮಾಡಿಸುವಲ್ಲಾಗಲಿ, ಮಗುವಿನ ಖತ್ನಾದಲ್ಲಾಗಲಿ ಹೊಸ ಬ್ಲೇಡಿನ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯುವಂತೆ ಕೇಳಿ. ಸಂಕೋಚ ಬೇಡ.