ಯಾವ ಅಜ್ಜನ ಆರೋಗ್ಯ? ಲಸಿಕೆ ಬೇಡವೆನ್ನುವವರಿಗೆ ಪ್ರತ್ಯುತ್ತರ

ಬೆಳ್ತಂಗಡಿ ತಾಲೂಕಿನ ಉಜಿರೆಯ ಆಸುಪಾಸಿನ ಶಾಲೆಗಳಿಗೆ ಲಸಿಕೆಯ ಸುತ್ತೋಲೆ ಬಂದರೆ ಸಾಕು, ಹಳೆಯ ವಾದಗಳು ಎದ್ದು ಕೂರುತ್ತವೆ. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪಿನಲ್ಲಿ ಹರಿದಾಡಿದ್ದೂ ಇವೇ. ಮೊದಲನೆಯದು: ‘ನೂರು ವರ್ಷದ ಹಿಂದೆ ಚುಚ್ಚುಮದ್ದಿಲ್ಲದೆ ನಮ್ಮ ಮಕ್ಕಳು ಗಟ್ಟಿಮುಟ್ಟಾಗಿದ್ದರು.’

ಯಾವ ಮಕ್ಕಳು ಸ್ವಾಮೀ? ತೊಂಬತ್ತು ದಾಟಿದ ಅಜ್ಜನನ್ನು ತೋರಿಸುತ್ತೀರಿ. ಐದು ತುಂಬುವ ಮೊದಲೇ ತೀರಿಕೊಂಡ ಅವರ ಒಡಹುಟ್ಟಿದವರನ್ನು ತೋರಿಸಲು ಒಂದು ಫೋಟೊ ಕೂಡ ಇಲ್ಲ. 1920ರ ಸುಮಾರಿಗೆ ಭಾರತೀಯರ ಸರಾಸರಿ ಆಯುಷ್ಯ 25 ವರ್ಷವನ್ನೂ ಮುಟ್ಟಿರಲಿಲ್ಲ. ಅಂಕಿ ಬೇಡವೆಂದರೆ ತುಳುನಾಡಿನ ಆಟಿ ತಿಂಗಳ ಕಳಂಜನನ್ನೇ ಕೇಳಿ. ಎಳೆ ತೆಂಗಿನಗರಿ ಉಟ್ಟು, ಓಲೆಕೊಡೆ ತಿರುಗಿಸುತ್ತ ಸುರಿವ ಮಳೆಯಲ್ಲಿ ಮನೆಮನೆಗೆ ಬರುತ್ತಿದ್ದದ್ದು ಮಾರಿ ಕಳೆಯಲೆಂದೇ. ಆಟಿ ಅಮಾವಾಸ್ಯೆಯ ಬೆಳಕು ಹರಿಯುವ ಮುಂಚೆ ಪಾಲೆಮರದ ತೊಗಟೆಯನ್ನು ಕತ್ತಿ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದು, ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ ಅರೆದು, ಕೆಂಪಗೆ ಕಾಯಿಸಿದ ಬೆಣಚುಕಲ್ಲು ಹಾಕಿ, ಮೂಗು ಹಿಡಿದು ಮಕ್ಕಳಿಗೆ ಕುಡಿಸುತ್ತಿದ್ದರಲ್ಲ, ಯಾತಕ್ಕೆ? ಕಾಯಿಲೆ ಕಾಣದ ಸೀಮೆ ಅಷ್ಟು ಕಹಿ ಕುಡಿಯುತ್ತಿತ್ತೆ? ಶಿವರಾಮ ಕಾರಂತರ 1933ರ ಕಾದಂಬರಿ ‘ಚೋಮನ ದುಡಿ’ಯಲ್ಲಿ ಚೋಮನ ಮಗ ಚನಿಯ ಕಾಫಿ ತೋಟದಿಂದ ಜ್ವರ ಹೊತ್ತು ಬಂದು ಸಾಯುತ್ತಾನೆ. ಕಾರಂತರು ಕಂಡದ್ದನ್ನೇ ಬರೆದರು.

‘ರೋಗ ಓಡಿಸಿದ್ದು ಶುಚಿತ್ವ, ಲಸಿಕೆಯಲ್ಲ’ ಎನ್ನುವುದು ಇನ್ನೊಂದು. ಅರ್ಧ ಒಪ್ಪಿದೆ. ಒದ್ದೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಗುವಿನ ಪಾದದ ಚರ್ಮದಿಂದಲೇ ಕೊಕ್ಕೆಹುಳು ಒಳಹೊಕ್ಕು, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ; ಅದನ್ನು ತಡೆಯಲು ಪಾಯಿಖಾನೆ, ಚಪ್ಪಲಿ ಬೇಕು. ಉಗುಳಿ ಸ್ಲೇಟು ಒರೆಸುವ, ಎಲ್ಲರೂ ಒಂದೇ ಚೊಂಬಿಗೆ ಬಾಯಿಡುವ ಅಭ್ಯಾಸವೂ ತಪ್ಪಬೇಕಿತ್ತು. ಆದರೆ ಸಿಡುಬು? ಭಾರತದಲ್ಲಿ ಕೊನೆಯ ರೋಗಿ ಪತ್ತೆಯಾದದ್ದು 1975ರ ಮೇ ತಿಂಗಳಲ್ಲಿ. ಆಗ ಬೆಳ್ತಂಗಡಿ ತಾಲೂಕಿನ ಎಷ್ಟು ಮನೆಗಳಲ್ಲಿ ಪಾಯಿಖಾನೆ ಇತ್ತು, ನೀವೇ ಹೇಳಿ. ದಡಾರದ ವೈರಾಣುವಂತೂ ರೋಗಿ ಎದ್ದುಹೋದ ಮೇಲೂ ಎರಡು ಗಂಟೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ತರಗತಿಯ ಗಾಳಿಗೆ ಸೋಪು ಹಚ್ಚುವುದು ಹೇಗೆ?

‘ಪರದೇಶದ ವಸ್ತು’ ಎಂಬ ತಕರಾರಿಗೆ ಹೆಚ್ಚು ಮಾತು ಬೇಡ. ಮೈಸೂರು ಅರಮನೆಯ ರಾಣಿ ದೇವಾಜಮ್ಮಣ್ಣಿ 1806ರ ಹೊತ್ತಿಗೇ ಸಿಡುಬಿನ ಲಸಿಕೆ ಹಾಕಿಸಿಕೊಂಡರು. ಕೋರಿರೊಟ್ಟಿಯ ಒಣಮೆಣಸೂ ಹಡಗು ಹತ್ತಿ ಬಂದದ್ದೇ.

‘ನಮ್ಮನ್ನು ಕೇಳದೆ ಶಾಲೆಯಲ್ಲಿ ಚುಚ್ಚುತ್ತಾರೆ’ ಎಂಬ ದೂರು ಮಾತ್ರ ತಳ್ಳಿಹಾಕುವಂಥದ್ದಲ್ಲ. ಹಿಂದಿನ ಸಂಜೆ ಮಗುವಿನ ಚೀಲಕ್ಕೆ ಚೀಟಿ ತುರುಕಿದರೆ ಒಪ್ಪಿಗೆ ಪಡೆದಂತಾಗದು. ವಾರದ ಮುಂಚೆ ತಾಯಂದಿರನ್ನು ಕರೆದು ತುಳು, ಬ್ಯಾರಿ, ಕನ್ನಡದಲ್ಲಿ ಬಿಡಿಸಿ ಹೇಳಲಿ. ಜ್ವರ ಬಂದರೆ ಯಾರಿಗೆ ಫೋನು ಮಾಡಬೇಕೆಂದು ಬರೆದುಕೊಡಲಿ. ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎತ್ತುವುದಾದರೆ ನಿಮ್ಮ ಪಕ್ಕದಲ್ಲೇ ಕೂರುತ್ತೇನೆ.